ಗಲ್ಲು ಕೇಳುವ ಮುನ್ನ ತನಿಖೆ ಕೇಳೋಣ

ಮಾನ್ಯ ಸಂಪಾದಕರಿಗೆ,

2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗ ರಾಜ್ಯದ ಉದ್ದಗಲಕ್ಕೂ ಕೇಳಿಬಂದದ್ದು ಒಂದೇ ಬೇಡಿಕೆ: ಗಲ್ಲಿಗೇರಿಸಿ. ಮರುವರ್ಷ ಅದೇ ತಿಂಗಳು, ಅದೇ ಊರಿನಲ್ಲಿ ಐದು ವರ್ಷದ ಮಗುವಿನ ಕೊಲೆಯಾಯಿತು. ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಅದನ್ನೇ ನ್ಯಾಯವೆಂದು ಕೊಂಡಾಡಿದವರು ಬಹಳ ಮಂದಿ. ಈ ಸಿಟ್ಟನ್ನು ನಾವು ಹಗುರವಾಗಿ ನೋಡುವುದಿಲ್ಲ. ಮಗುವನ್ನು ಕಳೆದುಕೊಂಡ ಮನೆಯವರು ಗಲ್ಲು ಕೇಳಿದರೆ ಅದರಲ್ಲಿ ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ. ಆದರೆ ಮರಣದಂಡನೆ ಎಂಬ ತೀರ್ಪು ಹೊರಬಿದ್ದ ಮೇಲೆ ಏನಾಗುತ್ತದೆ, ಅದು ಎಲ್ಲಿ ಮುರಿದು ಬೀಳುತ್ತದೆ, ಏಕೆ ಬೀಳುತ್ತದೆ ಎಂಬುದು ಹೊರಗಿನವರಿಗೆ ಕಾಣುವುದು ಕಡಿಮೆ. ಅದನ್ನು ವಿವರವಾಗಿ ಹೇಳಲೆಂದೇ ಈ ದೀರ್ಘ ಪತ್ರ.

ಸೆಷನ್ಸ್ ನ್ಯಾಯಾಧೀಶರು ಗಲ್ಲು ಎಂದು ಬರೆದ ಮಾತ್ರಕ್ಕೆ ಶಿಕ್ಷೆ ಜಾರಿಯಾಗುವುದಿಲ್ಲ. ಕೊಲೆಗೆ ಜೀವಾವಧಿಯೇ ನಿಯಮ, ಮರಣದಂಡನೆ ಅಪವಾದ. ಆ ಅಪವಾದವನ್ನು ಆರಿಸಿಕೊಂಡರೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲೇ ಬರೆಯಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 354(3)ರಲ್ಲಿದ್ದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 393(3)ನೇ ಕಲಂನಲ್ಲಿದೆ. ಆಮೇಲೆ ಇಡೀ ಕಡತ ಹೈಕೋರ್ಟಿಗೆ ಹೋಗುತ್ತದೆ. ಅಪರಾಧಿ ಮೇಲ್ಮನವಿ ಹಾಕಲಿ ಬಿಡಲಿ, ಇಬ್ಬರು ನ್ಯಾಯಮೂರ್ತಿಗಳ ಪೀಠ ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗಿ ದೃಢಪಡಿಸುವ ತನಕ ಆ ಶಿಕ್ಷೆಗೆ ಬಲವಿಲ್ಲ. ನಂತರ ಸುಪ್ರೀಂ ಕೋರ್ಟ್, ಅಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ. ಅದೂ ಎತ್ತಿಹಿಡಿದರೆ ಮರುಪರಿಶೀಲನಾ ಅರ್ಜಿ. ಗಲ್ಲು ಪ್ರಕರಣಗಳಲ್ಲಿ ಇದನ್ನು ಕೊಠಡಿಯೊಳಗೆ ಕಾಗದ ನೋಡಿ ಮುಗಿಸುವಂತಿಲ್ಲ, ತೆರೆದ ನ್ಯಾಯಾಲಯದಲ್ಲಿ ವಾದ ಕೇಳಲೇಬೇಕು ಎಂದು 2014ರಲ್ಲಿ ತೀರ್ಮಾನವಾಗಿದೆ. ಕೊನೆಗೆ ಕ್ಷಮಾದಾನ ಅರ್ಜಿ: ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೆ, 72ನೇ ವಿಧಿಯಡಿ ರಾಷ್ಟ್ರಪತಿಗಳಿಗೆ. ಅದೂ ತಿರಸ್ಕೃತವಾದ ಮೇಲೆ ಸೆಷನ್ಸ್ ನ್ಯಾಯಾಲಯ ವಾರಂಟ್ ಹೊರಡಿಸುತ್ತದೆ. ತಿರಸ್ಕಾರದ ಸುದ್ದಿ ಕೈದಿಗೆ ಲಿಖಿತವಾಗಿ ಮುಟ್ಟಿದ ದಿನಕ್ಕೂ ಗಲ್ಲಿನ ದಿನಕ್ಕೂ ಕನಿಷ್ಠ 14 ದಿನಗಳ ಅಂತರ ಇರಬೇಕು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದು ಎಷ್ಟು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಅಧ್ಯಯನದ ಪ್ರಕಾರ 2000ದಿಂದ 2015ರವರೆಗೆ ವಿಚಾರಣಾ ನ್ಯಾಯಾಲಯಗಳು ವಿಧಿಸಿದ ಗಲ್ಲು ಶಿಕ್ಷೆಗಳಲ್ಲಿ ಕೊನೆಯ ತನಕ ಉಳಿದದ್ದು ಶೇ 4.9 ಮಾತ್ರ. ಉಳಿದವು ಒಂದೋ ಜೀವಾವಧಿಗೆ ಇಳಿದವು, ಇಲ್ಲವೇ ಖುಲಾಸೆಯಾದವು. ಅದೇ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಕೆಳ ನ್ಯಾಯಾಲಯಗಳು 165 ಜನರಿಗೆ ಗಲ್ಲು ವಿಧಿಸಿದವು. 2023ರ ಕೊನೆಗೆ ದೇಶದ ಜೈಲುಗಳಲ್ಲಿ ಗಲ್ಲಿಗೆ ಗುರಿಯಾದ 561 ಕೈದಿಗಳಿದ್ದರು. ಆ ಇಡೀ ವರ್ಷ ಸುಪ್ರೀಂ ಕೋರ್ಟ್ ಒಂದೇ ಒಂದು ಗಲ್ಲು ಶಿಕ್ಷೆಯನ್ನೂ ಎತ್ತಿಹಿಡಿಯಲಿಲ್ಲ. 2000ದ ನಂತರ ದೇಶದಲ್ಲಿ ಗಲ್ಲಿಗೇರಿದವರು ಎಂಟು ಜನ. ಕೊನೆಯ ನಾಲ್ವರು ದೆಹಲಿಯ ನಿರ್ಭಯಾ ಪ್ರಕರಣದವರು, 2020ರ ಮಾರ್ಚ್ 20ರಂದು. 2012ರ ಡಿಸೆಂಬರ್‌ನ ಅಪರಾಧಕ್ಕೆ 2013ರ ಸೆಪ್ಟೆಂಬರಿನಲ್ಲೇ ತೀರ್ಪು ಬಂದಿತ್ತು. ಇಡೀ ದೇಶದ ಕಣ್ಣು ನೆಟ್ಟಿದ್ದ ಆ ಪ್ರಕರಣದಲ್ಲೇ ಜಾರಿಗೆ ಮತ್ತೆ ಆರೂವರೆ ವರ್ಷ ಹಿಡಿಯಿತು, ನಾಲ್ಕು ಬಾರಿ ವಾರಂಟ್ ಹೊರಡಿಸಬೇಕಾಯಿತು.

ಸಂತ್ರಸ್ತೆಯ ತಾಯಿ ತಂದೆಗೆ ಈ ವರ್ಷಗಳು ಏನು ಎಂಬುದನ್ನು ಯೋಚಿಸಬೇಕು. ತೀರ್ಪಿನ ದಿನ ಎಲ್ಲರೂ ಸಿಹಿ ಹಂಚಿ ಹೋಗುತ್ತಾರೆ. ಆಮೇಲೆ ಹೈಕೋರ್ಟು, ದೆಹಲಿ, ತಡೆಯಾಜ್ಞೆ, ಮುಂದೂಡಿಕೆ ಎಂದು ಪ್ರತಿ ಬಾರಿಯೂ ಆ ಮನೆಯವರನ್ನು ಅದೇ ರಾತ್ರಿಗೆ ವಾಪಸ್ ಎಳೆದು ನಿಲ್ಲಿಸಲಾಗುತ್ತದೆ. ಕೊನೆಗೆ ನೂರಕ್ಕೆ ತೊಂಬತ್ತೈದು ಪಾಲು ಅವರಿಗೆ ಸಿಗುವ ಉತ್ತರ ‘ಗಲ್ಲು ಇಲ್ಲ’ ಎಂದೇ.

ಏಕೆ ಹೀಗೆ? ನ್ಯಾಯಮೂರ್ತಿಗಳ ಮನಸ್ಸು ಮೆತ್ತಗೆ ಎಂಬುದು ಸುಲಭದ ಉತ್ತರ. ನಿಜವಾದ ಉತ್ತರ ಪೊಲೀಸ್ ಠಾಣೆಯ ಮಾಲುಖಾನೆಯಲ್ಲಿದೆ, ಅಂದರೆ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೋಣೆಯಲ್ಲಿದೆ.

ದೆಹಲಿಯ ಛಾವ್ಲಾ ಪ್ರಕರಣವನ್ನೇ ನೋಡಿ. 2012ರ ಫೆಬ್ರುವರಿಯಲ್ಲಿ 19 ವರ್ಷದ ಯುವತಿಯ ಅಪಹರಣ, ಸಾಮೂಹಿಕ ಅತ್ಯಾಚಾರ, ಕೊಲೆ. ಮೂವರಿಗೆ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ದೃಢಪಡಿಸಿತು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಇರಲಿಲ್ಲವೇ? ಇತ್ತು. ಆದರೆ ಫೆಬ್ರುವರಿ 14 ಮತ್ತು 16ರಂದು ತೆಗೆದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಷ್ಟೂ ದಿನ ಅವು ಠಾಣೆಯ ಮಾಲುಖಾನೆಯಲ್ಲೇ ಇದ್ದವು. ಆ ಅವಧಿಯಲ್ಲಿ ಯಾರೂ ಅವುಗಳನ್ನು ಮುಟ್ಟಿಲ್ಲ ಎಂದು ಅಭಿಯೋಜನೆ ತೋರಿಸಿಕೊಡಲಾಗಲಿಲ್ಲ. ಗುರುತು ಪತ್ತೆ ಪರೇಡ್ ನಡೆದಿರಲಿಲ್ಲ. 49 ಸಾಕ್ಷಿಗಳಲ್ಲಿ ಹತ್ತು ಪ್ರಮುಖ ಸಾಕ್ಷಿಗಳ ಪಾಟೀಸವಾಲೇ ಆಗಿರಲಿಲ್ಲ. ಅಪರಾಧ ಎಷ್ಟು ಘೋರವೋ ಪುರಾವೆ ಅಷ್ಟು ಗಟ್ಟಿಯಾಗಿರಬೇಕಿತ್ತು, ಅದು ಹಾಗಿರಲಿಲ್ಲ.

ಮಾದರಿ ಎಂದರೇನು, ಅದು ಹೇಗೆ ಕೆಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ಇಲ್ಲೇ. ಅತ್ಯಾಚಾರದ ಪ್ರಕರಣದಲ್ಲಿ ದೇಹದಿಂದ ತೆಗೆದ ಹತ್ತಿಯ ಸ್ವಾಬ್ ಹಸಿಯಾಗಿರುತ್ತದೆ. ಅದನ್ನು ಬಿಸಿಲು, ಹೀಟರ್ ಯಾವುದೂ ಇಲ್ಲದೆ ನೆರಳಿನಲ್ಲಿ ಗಾಳಿಗೆ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಸಿಹಸಿಯಾಗಿ ತುಂಬಿದರೆ ಬೂಷ್ಟು ಹಿಡಿದು ಡಿಎನ್‌ಎ ನಾಶವಾಗುತ್ತದೆ. ರಕ್ತದ ಕಲೆಯ ಬಟ್ಟೆಗೂ ಇದೇ ನಿಯಮ. ಒಬ್ಬೊಬ್ಬರ ಬಟ್ಟೆಗೆ ಬೇರೆ ಬೇರೆ ಪೊಟ್ಟಣ. ಆರೋಪಿಯ ಬಟ್ಟೆಯನ್ನೂ ಮೃತರ ಬಟ್ಟೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಒಂದರ ಕಲೆ ಇನ್ನೊಂದಕ್ಕೆ ಹತ್ತಿ ಎರಡೂ ಉಪಯೋಗಕ್ಕೆ ಬಾರವು. ಪ್ರತಿ ಪೊಟ್ಟಣಕ್ಕೆ ಅರಗಿನ ಮೊಹರು, ಆ ಮೊಹರಿನ ಮಾದರಿ ಅಚ್ಚು ಪ್ರತ್ಯೇಕ ಕಾಗದದಲ್ಲಿ. ಯಾರು ತೆಗೆದರು, ಯಾರು ಕೊಟ್ಟರು, ಯಾರು ಒಯ್ದರು, ಪ್ರಯೋಗಾಲಯದಲ್ಲಿ ಯಾರು ಪಡೆದರು, ಪಡೆದಾಗ ಮೊಹರು ಹೇಗಿತ್ತು ಎಂಬ ದಾಖಲೆ ಒಂದು ದಿನವೂ ತಪ್ಪದೆ ಇರಬೇಕು. ಒಂದು ಕಡೆ ಸಹಿ ಇಲ್ಲ ಎಂದರೆ ಪ್ರತಿವಾದಿ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದು, ಮತ್ತು ಕೇಳಬೇಕಾದ್ದೂ ಅದೇ.

ಸಂತ್ರಸ್ತೆಯ ವೈದ್ಯಕೀಯ ಪರೀಕ್ಷೆ, ಸುದ್ದಿ ಬಂದ 24 ಗಂಟೆಯೊಳಗೆ ನಡೆಯಬೇಕು; ವೈದ್ಯರ ವರದಿ ಏಳು ದಿನದೊಳಗೆ ತನಿಖಾಧಿಕಾರಿಗೆ ಮುಟ್ಟಬೇಕು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎಂದು ಹೊಸ ಸಂಹಿತೆಯ 176(3) ಹೇಳುತ್ತದೆ. ಆದರೆ ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ತನಕ ಕಾಲಾವಕಾಶವನ್ನೂ ಕೊಟ್ಟಿದೆ. ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಇವೆಲ್ಲ ಜಾರಿಯಾದರೆ ‘ಠಾಣೆಯ ಖಾಯಂ ಪಂಚರು’ (ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕುವವರು) ಎಂಬ ಹಳೇ ರೋಗವೂ ಕಡಿಮೆಯಾದೀತು. ಹತ್ತು ಮಹಜರಿಗೆ ಅದೇ ಇಬ್ಬರು ಸಹಿ ಹಾಕಿ, ಕಟಕಟೆಗೆ ಬಂದು ‘ಠಾಣೆಯಲ್ಲಿ ಸಹಿ ಮಾಡಿಸಿಕೊಂಡರು’ ಎಂದು ತಿರುಗಿಬಿದ್ದಾಗ ಚಾಕು ವಶಪಡಿಸಿಕೊಂಡ ಸಾಕ್ಷ್ಯವೇ ಕುಸಿಯುತ್ತದೆ.

ನಮ್ಮ ರಾಜ್ಯದಲ್ಲೇ 2012ರ ಅಕ್ಟೋಬರ್‌ನಲ್ಲಿ ಧರ್ಮಸ್ಥಳದ ಬಳಿ ನಡೆದ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ಪ್ರಕರಣ ಎಲ್ಲರ ನೆನಪಿನಲ್ಲಿದೆ. ಅದರಲ್ಲಿ ಆರೋಪಿಯೆಂದು ಹಿಡಿದವನನ್ನು 2023ರ ಜೂನ್‌ನಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿತು. ಮೊದಲ ವಾರದ ಸಿಟ್ಟಿನಲ್ಲೇ ಅವನನ್ನು ಮುಗಿಸಿಬಿಟ್ಟಿದ್ದರೆ, ಕೊಂದವರು ಯಾರು ಎಂಬ ಪ್ರಶ್ನೆಯೂ ಅವತ್ತೇ ಮುಚ್ಚಿಹೋಗುತ್ತಿತ್ತು. ಎನ್‌ಕೌಂಟರ್ ಬೇಕೆನ್ನುವವರು ಇದನ್ನು ಗಮನಿಸಬೇಕು. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಪಶುವೈದ್ಯೆಯ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದೂ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರಾಗಿದ್ದರು ಎಂದೂ ಹೇಳಿತು.

ತಪ್ಪು ಕೆಳ ನ್ಯಾಯಾಲಯದಲ್ಲಿ ಮಾತ್ರ ಆಗುತ್ತದೆ, ಮೇಲೆ ಹೋದಾಗ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂಧೆ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಮಂದಿ ಆರೋಪಿಗಳಿದ್ದರು. ಹೈಕೋರ್ಟ್ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಸೇರಿಸಿ ಆರೂ ಜನರಿಗೆ ಗಲ್ಲು ವಿಧಿಸಿತು. ಹತ್ತು ವರ್ಷದ ನಂತರ, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ರಾಜ್ಯ ಸರ್ಕಾರಕ್ಕೆ ಹೇಳಿತು. ಅವರಲ್ಲೊಬ್ಬ ಘಟನೆಯ ವೇಳೆ ಬಾಲಕನಾಗಿದ್ದ. ನೊಯ್ಡಾದ ನಿಠಾರಿಯ ಮಕ್ಕಳ ಸರಣಿ ಕೊಲೆ ಪ್ರಕರಣ ಇನ್ನೂ ಹತ್ತಿರದ್ದು. ಇಡೀ ದೇಶ ಬೆಚ್ಚಿಬಿದ್ದಿದ್ದ ಆ ಪ್ರಕರಣದ ಆರೋಪಿ ಸುರೇಂದ್ರ ಕೋಲಿಯ ಗಲ್ಲನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು, ಕ್ಷಮಾದಾನವೂ ತಿರಸ್ಕೃತವಾಗಿತ್ತು. 2014ರ ಸೆಪ್ಟೆಂಬರಿನಲ್ಲಿ ಮೀರತ್ ಜೈಲಿನಲ್ಲಿ ಎಲ್ಲ ತಯಾರಿ ಆಗಿದ್ದಾಗ ನಡುರಾತ್ರಿ ತಡೆಯಾಜ್ಞೆ ಬಂತು. 2025ರ ನವೆಂಬರ್‌ನಲ್ಲಿ ಕ್ಯುರೇಟಿವ್ ಅರ್ಜಿಯ (ಮರುಪರಿಶೀಲನೆಯೂ ವಜಾ ಆದ ಮೇಲೆ ಉಳಿಯುವ ಕೊನೆಯ ಅರ್ಜಿ) ಮೇಲೆ ಸುಪ್ರೀಂ ಕೋರ್ಟ್ ಅವನನ್ನು ದೋಷಮುಕ್ತಗೊಳಿಸಿತು. ಇತರ ಹನ್ನೆರಡು ಪ್ರಕರಣಗಳಲ್ಲಿ ನಂಬಲಾಗದೆಂದು ತಳ್ಳಿಹಾಕಿದ ಅದೇ ತಪ್ಪೊಪ್ಪಿಗೆ, ಅದೇ ವಶಪಡಿಸಿಕೊಂಡ ವಸ್ತುಗಳು ಇಲ್ಲೂ ಆಧಾರವಾಗಿದ್ದವು. ಆ ರಾತ್ರಿ ತಡೆಯಾಜ್ಞೆ ಸಿಗದೇ ಹೋಗಿದ್ದರೆ 2025ರ ತೀರ್ಪಿಗೆ ಕಕ್ಷಿದಾರನೇ ಇರುತ್ತಿರಲಿಲ್ಲ. ಸತ್ತ ಮಕ್ಕಳ ತಂದೆತಾಯಿಗೆ ಈಗಲೂ ಉತ್ತರ ಸಿಕ್ಕಿಲ್ಲ ಎಂಬುದು ಅದಕ್ಕಿಂತ ದೊಡ್ಡ ನೋವು.

ಇನ್ನೊಂದು ಬಗೆಯ ತಪ್ಪಿದೆ: ಅಪರಾಧಿ ನಿಜಕ್ಕೂ ಅಪರಾಧಿಯೇ, ಆದರೆ ಗಲ್ಲು ವಿಧಿಸಿದ ರೀತಿ ತಪ್ಪು. 1980ರ ಬಚನ್ ಸಿಂಗ್ ತೀರ್ಪು ‘ಅಪರೂಪದಲ್ಲಿ ಅಪರೂಪ’ ಎಂಬ ಅಳತೆ ಕೊಟ್ಟಿತು. ಜನ ಇದನ್ನು ‘ಬಹಳ ಕ್ರೂರವಾದ ಕೊಲೆ’ ಎಂದಷ್ಟೇ ಅರ್ಥಮಾಡಿಕೊಂಡಿದ್ದಾರೆ. ಅದು ಅರ್ಧ ಮಾತ್ರ. ಅಪರಾಧದ ಕ್ರೌರ್ಯದ ಜತೆಗೆ ಅಪರಾಧಿಯ ವಯಸ್ಸು, ಹಿನ್ನೆಲೆ, ಮನಸ್ಥಿತಿ, ಸುಧಾರಣೆಯ ಸಾಧ್ಯತೆ ಎಲ್ಲವನ್ನೂ ನೋಡಿ, ಜೀವಾವಧಿ ಸಾಲುವುದೇ ಇಲ್ಲ ಎಂದು ಖಚಿತವಾದ ಮೇಲಷ್ಟೇ ಗಲ್ಲು. 1995ರ ರಾವ್ಜಿ ಪ್ರಕರಣದಲ್ಲಿ ಅಪರಾಧವನ್ನು ಮಾತ್ರ ನೋಡಿದರೆ ಸಾಕು ಎಂದ ಸುಪ್ರೀಂ ಕೋರ್ಟ್, ಅದು ತಪ್ಪಾಗಿತ್ತೆಂದು 2009ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ರಾವ್ಜಿಯನ್ನು ಗಲ್ಲಿಗೇರಿಸಿ ಹದಿಮೂರು ವರ್ಷ ಆಗಿತ್ತು.

ವಿಚಾರಣಾ ನ್ಯಾಯಾಲಯದಲ್ಲಿ ಈ ಹಂತ ಹೇಗೆ ನಡೆಯುತ್ತದೆ ಎಂದರೆ: ಬೆಳಿಗ್ಗೆ ‘ದೋಷಿ’ ಎಂದು ಘೋಷಣೆ, ಮಧ್ಯಾಹ್ನ ಅಥವಾ ಮರುದಿನ ಶಿಕ್ಷೆಯ ಬಗ್ಗೆ ವಾದ. ಕಾನೂನು ನೆರವಿನ ವಕೀಲರು ಎದ್ದು ‘ಸ್ವಾಮಿ, ಬಡವ, ವಯಸ್ಸಾದ ತಾಯಿ ಇದ್ದಾಳೆ, ಕನಿಕರ ತೋರಬೇಕು’ ಎನ್ನುತ್ತಾರೆ. ಅದಕ್ಕೆ ಒಂದು ಕಾಗದದ ಆಧಾರವೂ ಇರುವುದಿಲ್ಲ. ತೀರ್ಪಿನಲ್ಲಿ ಆ ಎರಡು ಸಾಲು ಬರೆದು, ಮುಂದಿನ ಸಾಲಿನಲ್ಲಿ ಗಲ್ಲು. ಇದನ್ನು ತಪ್ಪಿಸಲೆಂದೇ 2022ರ ಮೇನಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾದ ನಿರ್ದೇಶನ ಕೊಟ್ಟಿತು. ಆರೋಪಿಯ ಮನೋವೈದ್ಯಕೀಯ ಮತ್ತು ಮನೋವೈಜ್ಞಾನಿಕ ಮೌಲ್ಯಮಾಪನದ ವಿವರವನ್ನು ಸರ್ಕಾರವೇ ವಿಚಾರಣೆಯ ಹಂತದಲ್ಲಿ ಹಾಜರುಪಡಿಸಬೇಕು. ವಯಸ್ಸು, ಕುಟುಂಬ, ವಿದ್ಯೆ, ಆದಾಯ, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ಹಿಂದಿನ ಅಪರಾಧಗಳು, ಜೈಲಿನಲ್ಲಿ ಮಾಡಿದ ಕೆಲಸ ಮತ್ತು ನಡತೆಯ ವರದಿ ಬರಬೇಕು. ಈ ಕೆಲಸ ವಾರದಲ್ಲಿ ಮುಗಿಯುವುದಲ್ಲ. ಊರಿಗೆ ಹೋಗಬೇಕು, ಶಾಲೆಯ ದಾಖಲೆ ನೋಡಬೇಕು, ಮನೆಯವರನ್ನು ಒಂದೆರಡು ಬಾರಿಯಾದರೂ ಮಾತನಾಡಿಸಬೇಕು. ವಯಸ್ಸಿನ ದಾಖಲೆಯನ್ನು ಮೊದಲೇ ಹುಡುಕಿದ್ದರೆ ಮೇಲೆ ಹೇಳಿದ ಬಾಲಕನನ್ನು ಗಲ್ಲಿನ ಕೈದಿಯಾಗಿ ಇಡುವ ಪ್ರಮೇಯವೇ ಬರುತ್ತಿರಲಿಲ್ಲ. ಈ ನಿರ್ದೇಶನ ಪಾಲಿಸದೆ ವಿಧಿಸಿದ ಗಲ್ಲನ್ನು ಮತ್ತೆ ಪ್ರಶ್ನಿಸಬಹುದು ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ತರಾತುರಿಯಲ್ಲಿ ಬರೆದ ತೀರ್ಪು ಮುಂದೆ ಇನ್ನಷ್ಟು ಎಳೆಯುತ್ತದೆ.

ಕರ್ನಾಟಕದ ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹದಲ್ಲಿ. ಅಲ್ಲಿ ಕೊನೆಯ ಬಾರಿ ಗಲ್ಲಿಗೇರಿಸಿದ್ದು 1983ರಲ್ಲಿ. ಆಮೇಲಿನ ನಮ್ಮ ರಾಜ್ಯದ ದೊಡ್ಡ ಪ್ರಕರಣಗಳು ಏನಾದವು ನೋಡಿ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. 2001ರಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನ ಅರ್ಜಿ ಒಂಬತ್ತು ವರ್ಷ ಕಡತದಲ್ಲಿ ಕೂತು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಹಿಂಡಲಗಾದಲ್ಲಿ ಸಿದ್ಧತೆ ನಡೆದಿದ್ದಾಗ ತಡೆಯಾಜ್ಞೆ ಬಂತು, 2014ರ ಜನವರಿ 21ರಂದು ಸುಪ್ರೀಂ ಕೋರ್ಟಿನ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ನಾಲ್ವರ ಶಿಕ್ಷೆಯೂ ಜೀವಾವಧಿಗೆ ಇಳಿಯಿತು. ವಿವರಿಸಲಾಗದ ವಿಳಂಬವೇ ಒಂದು ಚಿತ್ರಹಿಂಸೆ ಎಂಬುದು ಕಾರಣ. ಆ ತೀರ್ಪಿನಿಂದ ಗಲ್ಲು ತಪ್ಪಿಸಿಕೊಂಡ 15 ಮಂದಿಯಲ್ಲಿ ಏಳು ಮಂದಿ ಕರ್ನಾಟಕದ ಪ್ರಕರಣಗಳವರು.

ಬೆಂಗಳೂರಿನ 1998ರ ಅತ್ಯಾಚಾರ-ಕೊಲೆಯ ಅಪರಾಧಿ ಬಿ.ಎ. ಉಮೇಶನ ಪ್ರಕರಣ ಇನ್ನೂ ಸ್ಪಷ್ಟ. 2006ರಲ್ಲಿ ಗಲ್ಲು, 2011ರಲ್ಲಿ ಸುಪ್ರೀಂ ಕೋರ್ಟಿನಿಂದ ದೃಢ, 2013ರಲ್ಲಿ ಕ್ಷಮಾದಾನ ತಿರಸ್ಕಾರ. ಇಷ್ಟಾದರೂ 2022ರ ನವೆಂಬರ್‌ನಲ್ಲಿ ಅದು ಕನಿಷ್ಠ 30 ವರ್ಷಗಳ ಜೀವಾವಧಿಯಾಯಿತು. ಕಾರಣ ಜೈಲಿನ ಆಡಳಿತ ಮಾಡಿದ ತಪ್ಪು. ತೀರ್ಪು ಬಂದ ಕೂಡಲೇ ಅವನನ್ನು ಬೆಳಗಾವಿಯಲ್ಲಿ ಒಂಟಿ ಸೆರೆಗೆ ಹಾಕಿ 2016ರ ತನಕ ಅಲ್ಲೇ ಇಟ್ಟರು. ಕ್ಷಮಾದಾನದ ದಾರಿ ಪೂರ್ತಿ ಮುಚ್ಚುವ ತನಕ ಗಲ್ಲಿನ ಕೈದಿಯನ್ನು ಒಂಟಿಯಾಗಿ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿದ್ದು 1978ರಲ್ಲಿ. ಶಿಕ್ಷೆಯಾಗಿ ನ್ಯಾಯಾಲಯವೇ ಒಂಟಿ ಸೆರೆ ವಿಧಿಸಿದರೂ ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದೇ ಸಲಕ್ಕೆ 14 ದಿನ ದಾಟುವಂತಿಲ್ಲ. ಇಲ್ಲಿ ಹತ್ತು ವರ್ಷ. ಜೈಲು ಸುತ್ತೋಲೆಯ ಒಂದು ಪುಟ ಪಾಲಿಸಿದ್ದರೆ ಈ ಆಧಾರವೇ ಹುಟ್ಟುತ್ತಿರಲಿಲ್ಲ.

ಇನ್ನು ಜನರ ನಿಜವಾದ ಭಯಕ್ಕೆ ಬರೋಣ: ‘ಗಲ್ಲು ಕೊಡದಿದ್ದರೆ ಹದಿನಾಲ್ಕು ವರ್ಷಕ್ಕೆ ಹೊರಗೆ ಬಂದು ಮೀಸೆ ತಿರುವುತ್ತಾನೆ.’ ಈ ಭಯಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. 2022ರಲ್ಲಿ ಗುಜರಾತಿನ ಬಿಲ್ಕಿಸ್ ಬಾನೊ ಸಾಮೂಹಿಕ ಅತ್ಯಾಚಾರ ಪ್ರಕರಣದ 11 ಜೀವಾವಧಿ ಕೈದಿಗಳನ್ನು ಬಿಟ್ಟದ್ದನ್ನೂ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಮತ್ತೆ ಜೈಲಿಗೆ ಕಳಿಸಿದ್ದನ್ನೂ ನೋಡಿದ್ದೇವೆ. ಆದರೆ ಕಾನೂನಿನಲ್ಲಿ ಜೀವಾವಧಿ ಎಂದರೆ ಉಸಿರಿರುವ ತನಕ. ಹದಿನಾಲ್ಕು ವರ್ಷ ಎಂಬುದು, ಮರಣದಂಡನೆಗೂ ಅರ್ಹವಾದ ಅಪರಾಧಗಳಲ್ಲಿ ಸರ್ಕಾರ ಶಿಕ್ಷೆ ಕಡಿತದ ಮಾತೆತ್ತಲು ದಾಟಲೇಬೇಕಾದ ಕನಿಷ್ಠ ಅವಧಿ. ಬಿಡುಗಡೆ ಹಕ್ಕಲ್ಲ.

ಈ ಬಾಗಿಲನ್ನೇ ಮುಚ್ಚುವ ದಾರಿಯೂ ಇದೆ, ಅದು ಹುಟ್ಟಿದ್ದು ನಮ್ಮ ಬೆಂಗಳೂರಿನ ಪ್ರಕರಣದಿಂದ. ಮೈಸೂರು ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು 1991ರಲ್ಲಿ ಆಕೆಯ ಎರಡನೇ ಗಂಡ ಶ್ರದ್ಧಾನಂದ ಆಕೆಯದೇ ಮನೆಯ ಆವರಣದಲ್ಲಿ ಹೂತುಹಾಕಿದ. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಗಲ್ಲು ತಪ್ಪಿಸಿ, ಯಾವ ಕಡಿತವೂ ಇಲ್ಲದ, ಸಾಯುವ ತನಕದ ಸೆರೆ ವಿಧಿಸಿತು. ಇದನ್ನು 2015ರಲ್ಲಿ ಐವರ ಸಂವಿಧಾನ ಪೀಠ ಬಹುಮತದಿಂದ ಎತ್ತಿಹಿಡಿದಿದೆ. 20, 25, 30 ವರ್ಷ ಅಥವಾ ಕೊನೆಯ ಉಸಿರಿನ ತನಕ, ನಡುವೆ ಕಾಯ್ದೆಯಡಿ ಶಿಕ್ಷೆ ಕಡಿತ ಮಾಡಲು ಸರ್ಕಾರಕ್ಕೆ ಅವಕಾಶವಿಲ್ಲ. ಆದರೆ ಒಂದು ತೊಡಕು ಉಳಿದಿದೆ: ಈ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ. ಸಾಮಾನ್ಯ ಕೊಲೆ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಧೀಶರ ಮುಂದೆ ಇರುವುದು ಎರಡೇ ಆಯ್ಕೆ, ಕಡಿತಕ್ಕೆ ಅವಕಾಶವಿರುವ ಜೀವಾವಧಿ ಅಥವಾ ಗಲ್ಲು. ಹೊರಗೆ ಜನ ನೆರೆದಿರುವಾಗ, ಮೊದಲನೆಯದು ಸಾಲದು ಎನ್ನಿಸಿದಾಗ, ಅವರು ಎರಡನೆಯದಕ್ಕೆ ಕೈಹಾಕುತ್ತಾರೆ. ಹೈಕೋರ್ಟ್ ದೃಢಪಡಿಸಬೇಕೆಂಬ ಷರತ್ತಿನೊಂದಿಗೆ ನಿಗದಿತ ಅವಧಿಯ ಸೆರೆಯನ್ನು ಅವರಿಗೂ ಕೊಟ್ಟರೆ, ಅನಗತ್ಯ ಗಲ್ಲು ತೀರ್ಪುಗಳು ಅರ್ಧಕ್ಕರ್ಧ ನಿಲ್ಲುತ್ತವೆ ಎಂಬುದು ನಮ್ಮ ಅಂದಾಜು. ಇದಕ್ಕೆ ಸಂಸತ್ತಿನ ಒಂದು ಸಣ್ಣ ತಿದ್ದುಪಡಿ ಸಾಕು.

ಗಲ್ಲಿನ ಹೆದರಿಕೆಯಿಂದ ಅಪರಾಧ ತಗ್ಗುತ್ತದೆಯೇ? 1967ರಲ್ಲಿ ಮರಣದಂಡನೆ ಇರಲಿ ಎಂದಿದ್ದ ಕಾನೂನು ಆಯೋಗವೇ 2015ರ 262ನೇ ವರದಿಯಲ್ಲಿ, ಜೀವಾವಧಿಗಿಂತ ಅದು ಹೆಚ್ಚು ತಡೆಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಉಳಿದೆಡೆ ತೆಗೆದುಹಾಕಲು ಶಿಫಾರಸು ಮಾಡಿತು. ನಮ್ಮನ್ನು ಹೆಚ್ಚು ಕಾಡುವುದು ಮಕ್ಕಳ ಮೇಲಿನ ಅತ್ಯಾಚಾರಕ್ಕೆ 2018 ಮತ್ತು 2019ರಲ್ಲಿ ಸೇರಿಸಿದ ಗಲ್ಲು. ಇಂಥ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರುವವರು: ಸಂಬಂಧಿ, ನೆರೆಯವ, ಮನೆಗೆ ಬಂದುಹೋಗುವವ. ‘ಬಾಯಿಬಿಟ್ಟರೆ ಮಾವನನ್ನು ನೇಣಿಗೆ ಹಾಕುತ್ತಾರೆ’ ಎಂದು ಮನೆಯವರೇ ಮಗುವಿನ ಬಾಯಿ ಮುಚ್ಚಿಸುತ್ತಾರೆ. ದೂರು ದಾಖಲಾದರೂ ಕಟಕಟೆಯಲ್ಲಿ ತಾಯಿಯೇ ಪ್ರತಿಕೂಲ ಸಾಕ್ಷಿಯಾಗುತ್ತಾಳೆ. ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆಯಾದರೆ, ಇರುವ ಒಬ್ಬಳೇ ಸಾಕ್ಷಿಯನ್ನು ಜೀವಂತ ಬಿಡಲು ದುಷ್ಟನಿಗೆ ಕಾರಣವೇ ಉಳಿಯುವುದಿಲ್ಲ. ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲಿ ಅತ್ಯಾಚಾರಕ್ಕೆ ಗಲ್ಲು ಬೇಡ ಎಂದದ್ದನ್ನು ಸರ್ಕಾರ ಕೇಳಿದ್ದರೆ ಚೆನ್ನಾಗಿತ್ತು.

ಗಲ್ಲು ಕಾನೂನಿನಲ್ಲಿ ಇರುವಷ್ಟು ದಿನ ಕೊನೆಯ ಹಂತವಾದರೂ ಸರಿಯಾಗಿ ನಡೆಯಲಿ. ಹೊಸ ಸಂಹಿತೆಯ 472ನೇ ಕಲಂ ಪ್ರಕಾರ, ಮೇಲ್ಮನವಿ ವಜಾ ಆಯಿತೆಂದು ಜೈಲು ಅಧೀಕ್ಷಕರು ತಿಳಿಸಿದ 30 ದಿನದೊಳಗೆ ಕ್ಷಮಾದಾನ ಅರ್ಜಿ ಹಾಕಬೇಕು. ರಾಜ್ಯಪಾಲರು ತಿರಸ್ಕರಿಸಿದರೆ 60 ದಿನದೊಳಗೆ ರಾಷ್ಟ್ರಪತಿಗಳಿಗೆ. ಒಂದೇ ಪ್ರಕರಣದ ಎಲ್ಲರ ಅರ್ಜಿಗಳೂ ಒಟ್ಟಿಗೆ ತೀರ್ಮಾನವಾಗಬೇಕು. ನಿರ್ಭಯಾ ಪ್ರಕರಣದಲ್ಲಿ ಒಬ್ಬೊಬ್ಬರೇ ಅರ್ಜಿ ಹಾಕುತ್ತಾ ದಿನ ದೂಡಿದ ಪಾಠ ಇದು, ಸರಿಯಾದದ್ದೇ. ಆದರೆ ರಾಷ್ಟ್ರಪತಿಗಳ ನಿರ್ಧಾರವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂಬ ಸಾಲನ್ನೂ ಸೇರಿಸಿದ್ದಾರೆ. ಸಂವಿಧಾನದ 32 ಮತ್ತು 226ನೇ ವಿಧಿಗಳು ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳಿಗೆ ಕೊಟ್ಟ ಅಧಿಕಾರವನ್ನು ಸಾಮಾನ್ಯ ಕಾಯ್ದೆಯಿಂದ ಕಿತ್ತುಕೊಳ್ಳಲಾಗದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಓದುಬರಹ ಬಾರದ ಕೈದಿಗೆ 30 ದಿನದಲ್ಲಿ ತೀರ್ಪಿನ ಪ್ರತಿ, ವೈದ್ಯಕೀಯ ದಾಖಲೆ, ವಕೀಲರು ಮೂರೂ ಸಿಗುವಂತೆ ನೋಡಿಕೊಳ್ಳುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕೆಲಸ.

ರಾಜ್ಯ ಸರ್ಕಾರದಿಂದ ಕೇಳಬೇಕಾದ್ದು ಹಲವು. ಪ್ರತಿ ಜಿಲ್ಲೆಗೂ ವಿಧಿವಿಜ್ಞಾನ ತಜ್ಞರ ಸಂಚಾರಿ ತಂಡ ಯಾವಾಗ ಪೂರ್ಣವಾಗುತ್ತದೆ? ಡಿಎನ್‌ಎ ಮಾದರಿ ಠಾಣೆಯಿಂದ ಪ್ರಯೋಗಾಲಯಕ್ಕೆ ಇಷ್ಟೇ ಗಂಟೆಯಲ್ಲಿ ಹೋಗಬೇಕೆಂಬ ಆದೇಶ, ಅದು ಮೀರಿದರೆ ಠಾಣಾಧಿಕಾರಿಯೇ ಹೊಣೆ ಎಂಬ ನಿಯಮ ಬೇಕು. ಸಾಕ್ಷಿಗಳ ರಕ್ಷಣೆಗೆ ಹಣ ಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಮಗುವಿನ ಸಾಕ್ಷ್ಯವನ್ನು 30 ದಿನದಲ್ಲಿ, ವಿಚಾರಣೆಯನ್ನು ಒಂದು ವರ್ಷದಲ್ಲಿ ಮುಗಿಸಲು ಹೇಳುತ್ತದೆ. ಎಷ್ಟು ಪ್ರಕರಣಗಳಲ್ಲಿ ಇದು ಆಗಿದೆ ಎಂದು ಜಿಲ್ಲಾವಾರು ಪ್ರಕಟಿಸಲಿ.

ಕೊನೆಯದಾಗಿ ಸಂತ್ರಸ್ತ ಕುಟುಂಬಗಳಿಗೆ ಉಪಯೋಗವಾಗುವ ಕೆಲವು ವಿಷಯಗಳು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ (ಹೊಸ ಸಂಹಿತೆಯ 193ನೇ ಕಲಂ; ಮುಂದಿನ ಕಲಂಗಳೂ ಅದರವೇ). ತಿಳಿಸದಿದ್ದರೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಪರಿಹಾರಕ್ಕೆ ತೀರ್ಪಿನ ತನಕ ಕಾಯಬೇಕಿಲ್ಲ: ಆರೋಪಿ ಪತ್ತೆಯಾಗದೇ ಹೋದರೂ 396ನೇ ಕಲಂ ಅಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ದೋಷಿಯಾದರೆ, ಪರಿಹಾರ ಸಾಲದಿದ್ದರೆ ನೀವೇ ಮೇಲ್ಮನವಿ ಹಾಕಬಹುದು (413ನೇ ಕಲಂ). ಶಿಕ್ಷೆಯ ಪ್ರಮಾಣ ಸಾಲದು ಎಂಬ ಮೇಲ್ಮನವಿಯನ್ನು ಮಾತ್ರ ಸರ್ಕಾರವೇ ಹಾಕಬೇಕು. ಹಾಗಾಗಿ ತೀರ್ಪಿನ ಪ್ರತಿ ಕೈಸೇರಿದ ಕೂಡಲೇ ಸರ್ಕಾರಿ ಅಭಿಯೋಜಕರಿಗೆ ಮನವಿ ಕೊಡಿ, ಅವಧಿ ಮೀರಲು ಬಿಡಬೇಡಿ.

– ಕ್ರಿಮಿನಲ್ ಮೇಲ್ಮನವಿಗಳನ್ನು ನಡೆಸುವ ವಕೀಲರಿಬ್ಬರು, ಧಾರವಾಡ